ಹನ್ನೆರಡು ಖಾಲಿ ಪಟ್ಟಿ

ಶಿರಾದ ನಸ್ರುಲ್ಲಾ ಸಾಬರು ಪುಸ್ತಕಕ್ಕೆ ರಟ್ಟು ಕಟ್ಟುವವರು. ಮೂವತ್ತು ವರ್ಷದಲ್ಲಿ ಅವರು ಕಟ್ಟಿದ ಒಂದು ಪುಸ್ತಕವೂ ವಾಪಸು ಬಂದಿರಲಿಲ್ಲ. ಗಿರಾಕಿ ಬಂದ ಕೂಡಲೇ ಅವರದು ಒಂದೇ ಪ್ರಶ್ನೆ: "ಓದೋ ಪುಸ್ತಕಾನಾ, ಇಡೋ ಪುಸ್ತಕಾನಾ?" ಇಡುವುದಾದರೆ ಪಕ್ಕದಲ್ಲಿ ನಾಲ್ಕು ಹೊಲಿಗೆ, ಮೇಲೆ ಚಿನ್ನದ ಬಣ್ಣದ ಹೆಸರು. ಓದುವುದಾದರೆ ಎಲ್ಲಿ ತೆರೆದರೂ ಮಟ್ಟಸವಾಗಿ ಮಲಗುವ ಹಾಗೆ ಹಾಳೆಗಳ ಮಡಿಕೆ ಮಡಿಕೆಗೂ ದಾರ ಕೊಟ್ಟು ಹೊಲಿಯಬೇಕು. ನನ್ನ ನಿಘಂಟು ಕಟ್ಟಲು ಕೊಟ್ಟಾಗ ನಾನು ಜಂಬದಿಂದ ಓದೋದು ಅಂದಿದ್ದೆ. ಆ ಹೊಲಿಗೆ ಇವತ್ತಿಗೂ ಹೊಸದಾಗಿಯೇ ಇದೆ. ತಪ್ಪು ಅವರದಲ್ಲ.

೧೯೫೩ರ ಜನವರಿ ಮೊದಲ ವಾರ ಜವಳಿ ವ್ಯಾಪಾರಿ ಶಂಕರಲಿಂಗಪ್ಪನವರು ಸಂವಿಧಾನದ ಕನ್ನಡ ಪ್ರತಿಯೊಂದನ್ನು ತಂದರು. ನಮ್ಮ ವಾಚನಾಲಯಕ್ಕೆ ಅವರೇ ಕಾರ್ಯದರ್ಶಿ. ಇಪ್ಪತ್ತಾರನೇ ತಾರೀಕು ಪುಸ್ತಕವನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕುವ ಸಮಾರಂಭವಿತ್ತು. ಇಡೋ ಪುಸ್ತಕ ಎಂದು ಒಂದೇ ಮಾತಿನಲ್ಲಿ ಹೇಳಿ ಹೋದರು.

ಸಾಬರಿಗೆ ಸಮಾಧಾನವಾಗಲಿಲ್ಲ. ಬೀಗ ಹಾಕಿಡುವಂಥದ್ದು ಇದರೊಳಗೆ ಏನಿದೆ? ಅಚ್ಚು ನೋಡಿ ಹೆಸರು ಒತ್ತುತ್ತಿದ್ದರೇ ಹೊರತು ಅವರಿಗೆ ಕನ್ನಡ ಓದಲು ಬಾರದು. ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದ ಮಗಳು ಗುಲ್ಷನ್‌ಳನ್ನು ಕೂರಿಸಿಕೊಂಡು ಮೊದಲ ಪುಟ ಓದಿಸಿದರು. ಭಾರತದ ಜನರಾದ ನಾವು ಇದನ್ನು ನಮಗೆ ನಾವೇ ಕೊಟ್ಟುಕೊಂಡಿದ್ದೇವೆ ಎಂದಿತ್ತು. ರಾಜರು ಕೊಟ್ಟ ಸನದು, ಸರ್ಕಾರ ಕೊಟ್ಟ ಹಕ್ಕುಪತ್ರ ಎಲ್ಲಕ್ಕೂ ರಟ್ಟು ಹಾಕಿದ್ದ ಕೈ ಅದು. ಕೊಟ್ಟವರೂ ತೆಗೆದುಕೊಂಡವರೂ ಒಬ್ಬರೇ ಆದ ಕಾಗದವನ್ನು ಅವರು ಕಂಡದ್ದು ಅದೇ ಮೊದಲು.

ಆಮೇಲೆ ಪ್ರಶ್ನೆಗಳು ನಿಲ್ಲಲಿಲ್ಲ. ಎಲ್ಲಿ ಕೂತು ಬರೆದರು, ಎಷ್ಟು ದಿನ ಹಿಡಿಯಿತು, ಅಷ್ಟು ಜನ ಸೇರಿದಾಗ ಜಗಳವಾಗಲಿಲ್ಲವೇ? ಗುಲ್ಷನ್ ದಿನಕ್ಕೊಂದು ಪ್ರಶ್ನೆಯನ್ನು ಶಾಲೆಗೆ ಹೊತ್ತುಕೊಂಡು ಹೋಗಿ, ಇಂದ್ರಮ್ಮ ಟೀಚರಿಂದ ಉತ್ತರ ತರುತ್ತಿದ್ದಳು. ದೆಹಲಿಯಲ್ಲಿ ಹತ್ತಿರ ಹತ್ತಿರ ಮೂರು ವರ್ಷ ಸಭೆ ಸೇರಿದ್ದರು. ಕರಡಿಗೆ ಏಳು ಸಾವಿರಕ್ಕೂ ಹೆಚ್ಚು ತಿದ್ದುಪಡಿ ಸೂಚಿಸಿದ್ದರು. ೧೯೪೯ರ ನವೆಂಬರ್ ಇಪ್ಪತ್ತಾರಕ್ಕೆ ಒಪ್ಪಿಕೊಂಡರು. ಮೂಲಪ್ರತಿ ಕೈಬರಹದ್ದು ಎಂದು ಕೇಳಿ ಸಾಬರು ಕೂತಲ್ಲೇ ಹಿಗ್ಗಿದರು. ಆದರೆ ಅವರ ತಲೆ ಹೊಕ್ಕಿದ್ದು ಕೊನೆಯ ಉತ್ತರ. ಜಾರಿಗೆ ಬಂದು ಒಂದೂವರೆ ವರ್ಷವಾಗುವುದರೊಳಗೇ ಅದಕ್ಕೆ ಮೊದಲ ತಿದ್ದುಪಡಿ ಆಗಿಹೋಗಿತ್ತು.

ಅಂದರೆ ಈ ಪುಸ್ತಕಕ್ಕೆ ಇನ್ನೂ ಹಾಳೆ ಬರುತ್ತವೆ ಎಂದು ಲೆಕ್ಕ ಹಾಕಿದರು. ತಮ್ಮ ಕಾಲಕ್ಕೆ ಹನ್ನೆರಡು ಸಾಕು ಎಂದು ಮಗಳಿಗೆ ಹೇಳಿ, ಮಡಿಕೆಗಳ ನಡುವೆ ಬೆರಳಗಲದ ಕಾಗದದ ಹನ್ನೆರಡು ಖಾಲಿ ಪಟ್ಟಿ ಸೇರಿಸಿ, ಓದೋ ಪುಸ್ತಕದ ಹೊಲಿಗೆಯನ್ನೇ ಹಾಕಿದರು. ಮುಂದೆ ಬಂದ ಹಾಳೆಯನ್ನು ಪಟ್ಟಿಗೆ ಅಂಟಿಸಿದರಾಯಿತು. ಆದರೆ ಪಟ್ಟಿಗಳಿಂದಾಗಿ ಪುಸ್ತಕದ ಬೆನ್ನು ದಪ್ಪವಾಗಿ, ಪುಟ ತೆರೆಯುವ ಕಡೆಯ ಬಾಯಿ ತೆಳ್ಳಗಾಯಿತು.

ಸಮಾರಂಭದ ಹಿಂದಿನ ದಿನ ಬೆಳಿಗ್ಗೆ ಪುಸ್ತಕ ವಾಪಸು ಬಂತು, ಶಂಕರಲಿಂಗಪ್ಪನವರ ಕೈಯಲ್ಲೇ. ನಾನೂ ಅಂಗಡಿಯಲ್ಲಿದ್ದೆ.

"ಏನ್ ಸಾಬ್ರೆ, ಗೂನು ಮಾಡ್ಬುಟ್ರಲ್ಲ. ಈ ಪಟ್ಟಿ ಕತ್ತರ್ಸಿ ನೆಟ್ಟಗೆ ಮಾಡ್ಕೊಡಿ."

ಸಾಬರು ಕತ್ತಿಯನ್ನೇನೋ ಕೈಗೆತ್ತಿಕೊಂಡರು. ಒಂದು ಪಟ್ಟಿಯನ್ನು ಸವರಿ ನೋಡಿ ಕೆಳಗಿಟ್ಟರು.

"ಕತ್ತರ್ಸೋದು ಒಂದು ಗಳಿಗೆ ಸಾವ್ಕಾರ್ರೇ. ಇದಕ್ಕೆ ಇನ್ನೂ ಹಾಳೆ ಬತ್ತವೆ. ಜಾಗ ಇಲ್ದಂಗೆ ಕಟ್ಟಾಕೆ ನನ್ ಕೈಲಾಗಕಿಲ್ಲ."

ಬೇರೆಯವರಿಂದ ಕಟ್ಟಿಸಲು ಹೊತ್ತಿರಲಿಲ್ಲ. ಶಂಕರಲಿಂಗಪ್ಪನವರು ಸಿಡಿಮಿಡಿಗೊಂಡು ಹಾಗೆಯೇ ಒಯ್ದರು. ವಾಚನಾಲಯದ ಪುಸ್ತಕಗಳು ಅಲ್ಲಿಂದ ಮುಂದೆ ರಟ್ಟು ಕಟ್ಟಿಸಲು ತುಮಕೂರಿಗೆ ಹೋದವು. ಪೇಪರ್ ಓದಲು ಬಂದವರೆಲ್ಲ ಗಾಜಿನೊಳಗೆ ಇಣುಕಿ, ಗೂನು ಪುಸ್ತಕ ಎಂದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ಈಗ ನಾಚಿಕೆಯಾಗುತ್ತದೆ. ಸಾಬರಿಗೆ ಬಹಳ ನೋವಾಗಿತ್ತು. ಆದರೂ ನನ್ನನ್ನು ಕಂಡಾಗಲೆಲ್ಲ, ಪೇಪರಿನಲ್ಲಿ ಏನಾದರೂ ತಿದ್ದುಪಡಿ ಬಂತೇ ಎಂದು ಕೇಳುವುದನ್ನು ಬಿಡಲಿಲ್ಲ. ಬಂತು ಎಂದರೆ ಬೆರಳು ಮಡಿಚುತ್ತಿದ್ದರು. ಆದರೆ ಬೀಗ ತೆರೆದು ಅಂಟಿಸುವವರು ಯಾರು?

೧೯೫೬ರಲ್ಲಿ ರಾಜ್ಯಗಳನ್ನು ಹೊಸದಾಗಿ ವಿಂಗಡಿಸುವಾಗ ವಾಚನಾಲಯದಲ್ಲಿ ದೊಡ್ಡ ಜಟಾಪಟಿ. ಸುತ್ತಲೂ ಆಂಧ್ರ ಇರುವ ಪಾವಗಡ ಯಾರ ಪಾಲಿಗೆ? ಶಂಕರಲಿಂಗಪ್ಪನವರು ಮಗಳನ್ನು ಕೊಟ್ಟದ್ದು ಪಾವಗಡಕ್ಕೆ. ಅವರೇ ಅವಸರದಿಂದ ಬೀರು ತೆರೆದರು. ಪುಸ್ತಕದಲ್ಲಿದ್ದದ್ದು ಹಳೆಯ ರಾಜ್ಯಗಳ ಹೆಸರು. ಏನೂ ತಿಳಿಯದೆ ಪುಟ ಮಗುಚುತ್ತಿದ್ದಾಗ ಖಾಲಿ ಪಟ್ಟಿಯೊಂದು ಅವರ ಬೆರಳಿಗೆ ಸಿಕ್ಕಿತು. ಅದನ್ನು ಹಿಡಿದುಕೊಂಡೇ ಉಳಿದ ಪಟ್ಟಿಗಳನ್ನು ಒಂದೊಂದಾಗಿ ಎಣಿಸಿದರು.

ಹೊಸ ತಿದ್ದುಪಡಿ ಬಂದ ಮೇಲೆ ಗುಲ್ಷನ್‌ಗೆ ಹೇಳಿಕಳಿಸಿದರು. ಹಿಂದಿನವೂ ಸೇರಿ ಎಲ್ಲದರ ಸಾರವನ್ನು ಅವಳು ದುಂಡು ಅಕ್ಷರದಲ್ಲಿ ಬರೆದು ಅಂಟಿಸಿದಳು. ಹಳೆಯ ಮೈಸೂರಿನ ನೆಲ ಪೂರ್ತಿ ಹೊಸ ಮೈಸೂರಿನಲ್ಲೇ, ಪಾವಗಡವೂ ಇಲ್ಲೇ. ಅಂದಿನಿಂದ ಬೀರುವಿಗೆ ಬೀಗ ಬೀಳಲಿಲ್ಲ. ಆದರೆ ಸಾಬರ ಹತ್ತಿರ ಹೋಗಿ ತಪ್ಪಾಯಿತು ಎನ್ನಲು ಸಾವ್ಕಾರರಿಗೆ ಬಾಯಿ ಬರಲಿಲ್ಲ.

ಹಾಳೆ ಸೇರಿದಂತೆಲ್ಲ ಪುಸ್ತಕದ ಬಾಯಿ ತುಂಬುತ್ತಾ ಬಂತು. ೧೯೬೩ರ ಹೊತ್ತಿಗೆ ಬಾಯಿ ಬೆನ್ನಿನ ಸಮಕ್ಕೆ ಬಂದು, ಪುಸ್ತಕ ನೆಟ್ಟಗೆ ನಿಂತಿತು. ಗೂನು ಎನ್ನುವವರು ಯಾರೂ ಉಳಿಯಲಿಲ್ಲ.

ಆ ವರ್ಷ ಒಂದು ಬೆಳಿಗ್ಗೆ ಶಂಕರಲಿಂಗಪ್ಪನವರು ಪುಸ್ತಕವನ್ನು ಪಂಚೆಯಲ್ಲಿ ಸುತ್ತಿಕೊಂಡು ಹತ್ತು ವರ್ಷದ ಮೇಲೆ ಆ ಅಂಗಡಿಯ ಮೆಟ್ಟಿಲು ಹತ್ತಿದರು. ಸಾಬರ ಕಣ್ಣು ಆಗಲೇ ಮಂಜಾಗಿತ್ತು. ದನಿಯಿಂದ ಗುರುತು ಹಿಡಿದರು.

"ಇನ್ನೂ ಒಂದು ತಿದ್ದುಪಡಿ ಬಂದೈತೆ ಸಾಬ್ರೆ. ಅಂಟ್ಸಾಕೆ ಪಟ್ಟಿ ಇಲ್ಲ."

ಸಾಬರು ಪುಸ್ತಕವನ್ನು ಕೈಗೆ ತೆಗೆದುಕೊಂಡು, ಬೆರಳ ಜಿಡ್ಡಿನಿಂದ ಮೆತ್ತಗಾಗಿದ್ದ ಅಂಚನ್ನು ಸವರಿದರು. ಆಮೇಲೆ, ಹೊಸ ಗಿರಾಕಿಯನ್ನು ಕೇಳುವಂತೆಯೇ ಕೇಳಿದರು.

"ಓದೋ ಪುಸ್ತಕಾನಾ, ಇಡೋ ಪುಸ್ತಕಾನಾ?"

ಶಂಕರಲಿಂಗಪ್ಪನವರು ತಲೆ ತಗ್ಗಿಸಿದರು. "ಓದೋದು," ಎಂದರು.

"ಹಂಗಾದ್ರೆ ಎಲ್ಡು ದಿನ ಬೇಕಾಯ್ತದೆ," ಎಂದು ಸಾಬರು ಸೂಜಿಗೆ ದಾರ ಪೋಣಿಸಿಕೊಡಲು ಮಗಳನ್ನು ಕರೆದರು.