ಸುಮತಿಯ ಕೈ ಎತ್ತಿದವರು

ಬೆಳಿಗ್ಗೆ ಎಂಟಕ್ಕೆ ನಮ್ಮ ಮಲಗುವ ಕೋಣೆಯಲ್ಲಿ ಏಳು ಹೆಂಗಸರಿದ್ದರು. ಅವರಲ್ಲಿ ಐವರನ್ನು ನಾನು ಎಂದೂ ನೋಡಿರಲಿಲ್ಲ. ಒಬ್ಬರು ನನ್ನ ಹೆಂಡತಿ ಸುಮತಿಯ ತಲೆ ಬಾಚುತ್ತಿದ್ದರು, ಇನ್ನೊಬ್ಬರು ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿ ಬಾಯಿಗಿಡುತ್ತಿದ್ದರು. ‘ಲಕ್ವಾ ಹೊಡದೈತಿ ಅಂತ ಕೇಳಿ ಬಂದೇವ್ರಿ,’ ಎಂದರು ಮನೆಯ ಮಾಲೀಕರಾದ ಗೌರಕ್ಕ. ಪಾರ್ಶ್ವವಾಯುವಿಗೆ ಇಲ್ಲಿ ಲಕ್ವಾ ಎನ್ನುತ್ತಾರೆ. ಮಂಗಳೂರಿನ ಫ್ಲ್ಯಾಟಿನಲ್ಲಿ ಹತ್ತು ವರ್ಷ ಇದ್ದೆವು. ಎದುರು ಮನೆಯವರು ಗಂಟೆ ಒತ್ತದೆ ಒಮ್ಮೆಯೂ ಒಳಗೆ ಬಂದದ್ದಿಲ್ಲ.

ಸುಮತಿ ಸಿಂದಗಿಯ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದಳು. ಅವಳಿಗೆ ಮಂಗಳೂರಿನಿಂದ ಇಲ್ಲಿಗೆ ವರ್ಗಾವಣೆಯಾದಾಗ ನಾನು ಪತ್ರಿಕೆಯಲ್ಲಿ ಸುದ್ದಿ ತಿದ್ದುವ ಕೆಲಸ ಬಿಟ್ಟು ಜೊತೆಗೆ ಬಂದೆ. ಹೊಡೆತ ಹೆಚ್ಚು ಬಿದ್ದದ್ದು ಮಾತಿಗೆ ಮತ್ತು ಬಲಗೈಗೆ, ಹಲಗೆಯ ಮೇಲೆ ಬರೆಯುವ ಕೈಗೆ. ಮೊದಲ ತಿಂಗಳುಗಳಲ್ಲಿ ದಿನವೂ ವ್ಯಾಯಾಮವಾಗಬೇಕು, ತಡವಾದರೆ ಕೈ ಮರಳುವುದು ಕಷ್ಟ ಎಂದರು ವಿಜಯಪುರದ ಫಿಸಿಯೋಥೆರಪಿ ವೈದ್ಯೆ. ಅವರಿಗೆ ಬರಲಾಗುವುದು ಮೂರು ತಿಂಗಳಿಗೊಮ್ಮೆ. ನನ್ನ ಬೆನ್ನು ನೆಟ್ಟಗಿಲ್ಲ, ಅವಳನ್ನು ಎತ್ತಿ ಕೂರಿಸಲಾರೆ. ದಿನವೂ ವ್ಯಾಯಾಮ ಮಾಡಿಸಲು ಯಾರಾದರೊಬ್ಬರು ಬೇಕಿತ್ತು.

ಮಂಗಳೂರಿನಲ್ಲಾದರೆ ಒಂದು ಫೋನ್ ಸಾಕಿತ್ತು. ಇಲ್ಲಿ ಎರಡು ವಾರ ಬಸ್ಸಿನಲ್ಲಿ ಅಲೆದೆ. ಇಂಡಿ ಪಟ್ಟಣದಲ್ಲಿ ಸಿಕ್ಕವನು ಸೊಲ್ಲಾಪುರದ ಕೆಲಸ ಬಿಡುವಂತಿರಲಿಲ್ಲ. ಮುದ್ದೇಬಿಹಾಳದವನು ಒಪ್ಪಿದ, ರೋಗಿ ಯಾರೆಂದು ತಿಳಿದು ಹಿಂದೆ ಸರಿದ: ‘ಹೆಣ್ಮಕ್ಕಳ ಮೈ ಮುಟ್ಟಿ ಮಾಡ್ಸಾಕ ಆಗಂಗಿಲ್ರಿ ಸರ. ನಾಳೆ ನಾ ಊರಾಗ ತಿರಗ್ಯಾಡಬೇಕು.’ ತರಬೇತಿ ಪಡೆದ ಹುಡುಗಿಯೊಬ್ಬಳಿದ್ದಾಳೆಂದು ಬಸವನ ಬಾಗೇವಾಡಿ ದಾಟಿ ಗೊಳಸಂಗಿಗೆ ಹೋದೆ. ಅವಳ ತಾಯಿ ನಕ್ಕರು. ‘ಅಷ್ಟ್ ಕಲತಾಕಿ ಇಲ್ಲ್ಯಾಕ ಕುಂದರ್ತಾಳ್ರಿ? ಪುಣೆದಾಗ ಅದಾಳ. ಚಾ ಕುಡದ್ ಹೋಗ್ರಿ.’

ಕೊನೆಗೆ ಗೌರಕ್ಕನೇ ಯಂಕಂಚಿಯ ಕಾಶಿಬಾಯಿಯನ್ನು ಕರೆತಂದರು. ಕುರಿ ಕಾಯುವ ಮನೆತನದ ಗಟ್ಟಿ ಹೆಂಗಸು. ವಿಜಯಪುರಕ್ಕೆ ಕರೆದೊಯ್ದಾಗ ವೈದ್ಯೆ ತೋರಿಸಿದ್ದನ್ನು ಒಂದೇ ಸಲಕ್ಕೆ ಕಲಿತಳು. ನಾನು ಗೋಡೆಗೆ ಸೀಮೆಸುಣ್ಣದಿಂದ ಗೆರೆಗಳನ್ನೆಳೆದೆ. ಕೋಣೆಯಲ್ಲಿ ಸದಾ ಹೆಂಗಸರಿರುತ್ತಿದ್ದುದರಿಂದ ಹೊಸ್ತಿಲಾಚೆ ಕುಳಿತು, ಕೈ ಯಾವ ಗೆರೆ ಮುಟ್ಟಿತೆಂದು ಕೇಳಿ ಬರೆದಿಟ್ಟೆ. ಸೊಂಟ, ಎದೆ, ಭುಜ. ಭುಜದ ಗೆರೆ ಮುಟ್ಟಿದ ದಿನ ಕಾಶಿಬಾಯಿ ಓಣಿಗೆಲ್ಲ ಸಕ್ಕರೆ ಹಂಚಿದಳು. ‘ಅಕ್ಕಾರು ಇನ್ನ ಸಾಲಿಗಿ ಹೊಂಟ್ರು ನೋಡ್ರಿ!’

ಮೂರು ತಿಂಗಳಿಗೆ ಬಂದ ವೈದ್ಯೆ ಎಲ್ಲರನ್ನೂ ಹಿಂದೆ ಸರಿಸಿ, ‘ನೀವೇ ಎತ್ತಿ ಮೇಡಂ,’ ಎಂದರು. ಕೈ ತೊಡೆಯ ಮೇಲೆ ಇದ್ದಲ್ಲೇ ಇತ್ತು.

‘ನಾನ ಎತ್ತತಿದ್ನಿರಿ,’ ಎಂದಳು ಕಾಶಿಬಾಯಿ. ‘ಅಕ್ಕಾರು ತ್ರಾಸ ಮಾಡ್ಕೊಂಡು ಅಳ್ತಾರ. ನೋಡ್ಕೋತ ನಿಂದ್ರಾಕ ನಾವೇನ್ ಮನಷ್ಯಾರಲ್ಲೇನ್ರಿ?’

ನೀನಾದರೂ ಯಾಕೆ ಹೇಳಲಿಲ್ಲ ಎಂದು ಸುಮತಿಯನ್ನು ಕೇಳಿದೆ. ಬಹಳ ಹೊತ್ತು ತಡವರಿಸಿ ಎರಡು ಮಾತು ಹೊರಡಿಸಿದಳು: ‘ಸಕ್ಕರೆ... ಹಂಚಿದಳು.’

ಕಾಶಿಬಾಯಿಯನ್ನು ದೂರಲಾರೆ. ಇಲ್ಲಿ ನೋಯುವವರನ್ನು ಒದ್ದಾಡಲು ಬಿಡುವುದು ಕ್ರೌರ್ಯ. ಈ ಚಿಕಿತ್ಸೆ ಕೇಳುವುದು ಅದನ್ನೇ. ಇಪ್ಪತ್ತು ವರ್ಷ ವರದಿಗಾರರು ಬರೆದು ತಂದದ್ದರಲ್ಲಿ ‘ಯಾರು’ ಎಂಬುದನ್ನು ಹುಡುಕಿದವನು ನಾನು. ನನ್ನ ನೋಟ್‌ಬುಕ್ಕಿನಲ್ಲಿ ದಿನಾಂಕವಿತ್ತು, ಎತ್ತರವಿತ್ತು. ಎತ್ತಿದವರು ಯಾರೆಂದು ಇರಲಿಲ್ಲ.

ಮಂಗಳೂರಿಗೆ ವರ್ಗಾವಣೆ ಕೋರಿ ಸುಮತಿಯ ಹೆಸರಿನಲ್ಲಿ ಅರ್ಜಿ ಬರೆದೆ. ಸಹಿ ಹಾಕಲು ಸುಮತಿ ಹಠದಿಂದ ಪೆನ್ನನ್ನು ಬಲಗೈಯಲ್ಲೇ ಇಡಿಸಿಕೊಂಡಳು. ಬೆರಳು ಅಲುಗಲಿಲ್ಲ. ಅರ್ಜಿಯಲ್ಲಿ ಏನಿದೆಯೆಂದು ಕಾಶಿಬಾಯಿಗೆ ಗೊತ್ತಿತ್ತು. ‘ತಡೀರಿ ಅಕ್ಕಾರ, ನಾ ಹಿಡೀತೇನಿ,’ ಎಂದು ಬಂದು ಮಣಿಕಟ್ಟು ಹಿಡಿದಳು. ಸಹಿ ಬಿತ್ತು.

ಅದು ಯಾರ ಸಹಿ? ಮಂಗಳೂರಿನಲ್ಲಿ ಅವಳ ತುತ್ತನ್ನು ಅವಳಿಗೇ ಬಿಡುವವರಿದ್ದಾರೆ. ಅವಳಿಗೆ ಅದನ್ನು ಎತ್ತಲಾಗದ ದಿನ ಒಳಗೆ ಬರುವವರಿಲ್ಲ. ಅರ್ಜಿ ಇನ್ನೂ ಮೇಜಿನ ಮೇಲಿದೆ. ಒಳಗೆ ಗೌರಕ್ಕ ರೊಟ್ಟಿ ಮುರಿಯುತ್ತಿದ್ದಾರೆ. ಸುಮತಿ ಬಾಯಿ ತೆರೆದಿದ್ದಾಳೆ.