ಕೌದಿಯ ತುಂಡು ಹೊಲಿದ ಕ್ಯಾಮೆರಾ

ಇವತ್ತು ಡಬ್ಬಿಯ ಮುಚ್ಚಳ ತೆಗೆದಾಗ ಹುರಿದ ಅಕ್ಕಿಯ ವಾಸನೆ ಬಂತು. ಬಟ್ಟೆಯ ಗಂಟಿನಲ್ಲಿ ಅಕ್ಕಿ, ಪಕ್ಕದಲ್ಲಿ ಅಕ್ಕನ ಕ್ಯಾಮೆರಾ. ಪುಣೆಯ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದಿರಲೆಂದು ಅವಳು ಕಂಡುಕೊಂಡ ಉಪಾಯ ಅದು. ಬಿಬವೇವಾಡಿಯ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ನಾನು ಅಕ್ಕಿ ಹುರಿದುಕೊಡುತ್ತಿದ್ದೆ. ಅವಳ ಹವ್ಯಾಸಕ್ಕೆ ನಾನು ಮಾಡಿದ್ದು ಅಷ್ಟೇ...

ಅಕ್ಕ ಖರಾಡಿಯ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಳು. ರಜೆ ಸಿಕ್ಕರೆ ಕೋಟೆ, ಕೆರೆ ಎಂದು ಹೊರಟುಬಿಡುತ್ತಿದ್ದಳು. ಭಿಗವಣದ ಹಿನ್ನೀರಿನಲ್ಲಿ ರಾಜಹಂಸಗಳ ಮುಂದೆ ಅವಳು ಕೂತದ್ದನ್ನು ಒಮ್ಮೆ ನೋಡಿದ್ದೆ. ಹಕ್ಕಿಗಳು ಅವಳನ್ನು ಮರೆತು ತಾವಾಗಿ ಹತ್ತಿರ ಬರುವತನಕ ಅವಳು ಅಲುಗಾಡಲಿಲ್ಲ. ಅಂಥ ತಾಳ್ಮೆ ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಹಳೆಯ ಕ್ಯಾಮೆರಾ ನಸುಕಿನ ಬೆಳಕಿನಲ್ಲಿ ತಡವರಿಸುತ್ತಿತ್ತು. ಹಾರುವ ಹಕ್ಕಿ ಮಸುಕಾಗುತ್ತಿತ್ತು. ಲೆನ್ಸುಗಳನ್ನು ಇಟ್ಟುಕೊಂಡು ಕ್ಯಾಮೆರಾದ ಬಾಡಿಯನ್ನಷ್ಟೇ ಬದಲಿಸಲು ಅಂಗಡಿಗೆ ಹೋದೆವು. ಅಲ್ಲಿ ಅಕ್ಕನಿಗೆ ಎರಡು ಹಿಡಿಸಿದವು. ಚಿಕ್ಕದು ಹಗುರ, ಬೆಟ್ಟ ಕೋಟೆಗಳಿಗೆ ಸಾಕು. ದೊಡ್ಡದು ಹಾರುವ ಹಕ್ಕಿಯ ಕಣ್ಣನ್ನೇ ಹಿಡಿಯುತ್ತಿತ್ತು. ಉದ್ದ ಲೆನ್ಸ್ ಸೇರಿದರೆ ಕಲ್ಲಿನಂಥ ಭಾರ. ಅಕ್ಕನ ಬಲ ಭುಜ ಮೊದಲೇ ನೋಯುತ್ತಿತ್ತು. ಎರಡನ್ನೂ ಎತ್ತಿ ಎತ್ತಿ ನೋಡಿ ನನ್ನ ಕಡೆ ತಿರುಗಿದಳು.

“ನೀ ಹೊರಾಕ ಬರ್ತೀಯಂದ್ರ ದೊಡ್ಡದು. ಇಲ್ಲಂದ್ರ ಸಣ್ಣದರಾಗ ಸಮಾಧಾನ ಮಾಡ್ಕೋತೀನಿ.”

“ತಗೋ ಅಕ್ಕಾ. ಹಿಟ್ಟಿನ ಚೀಲ ಹೊರೋ ಹೆಗಲಿದು, ಇದೇನ್ ಭಾರ?”

“ಎಮ್ಮಿ ಬಿದ್ದಂಗ ಬಿದ್ದಿರ್ತಿ. ನಸುಕಿನ್ಯಾಗ ಏಳ್ತೀಯೇನ?”

“ಏಳ್ತೀನಿ ಬಿಡು.”

ನನ್ನ ಮಾತು ನಂಬಿ ದೊಡ್ಡದನ್ನೇ ತಂದಳು. ನನ್ನ ಹೆಗಲಿಗೆ ಒತ್ತಬಾರದೆಂದು ಅವ್ವನ ಕೌದಿಯ ತುಂಡನ್ನು ಮಡಚಿ ಕ್ಯಾಮೆರಾದ ಪಟ್ಟಿಗೆ ಹೊಲಿದಳು. ನನ್ನನ್ನು ನಿಲ್ಲಿಸಿ, ಎತ್ತರಕ್ಕೆ ಅಳೆದು, ಪಟ್ಟಿಯನ್ನು ಆ ಉದ್ದಕ್ಕೇ ಗಟ್ಟಿಯಾಗಿ ಹೊಲಿದುಬಿಟ್ಟಳು.

ಆಮೇಲೆ ನಾನು ಒಮ್ಮೆಯೂ ಹೋಗಲಿಲ್ಲ. ಒಂದು ಸಲ ಖಾನಾವಳಿಯ ಗದ್ದಲ, ಒಂದು ಸಲ ನಿದ್ದೆ, ಮತ್ತೊಂದು ಸಲ ಸುಮ್ಮನೆ ಬೇಸರ... ಅವಳು ನನ್ನ ಬಾಗಿಲು ಮೆಲ್ಲಗೆ ಬಡಿದು, ಕಾದು, ಒಬ್ಬಳೇ ಹೊರಡುತ್ತಿದ್ದಳು. ಆ ನೋವಿನ ಭುಜದಲ್ಲೇ ತೆಗೆದ ಒಂದು ಚಿತ್ರ ನಮ್ಮ ಗೋಡೆಯ ಮೇಲಿದೆ: ನೀರಿನಿಂದ ಮೇಲೇಳುತ್ತಿರುವ ಹಕ್ಕಿ, ಅದರ ಕಾಲಿನಿಂದ ಉದುರುವ ಹನಿಗಳು ಬಿಡಿಬಿಡಿಯಾಗಿ ಕಾಣುತ್ತವೆ. ಬರಬರುತ್ತಾ ಹೋಗುವುದನ್ನೇ ಬಿಟ್ಟಳು. ಅದಾದ ಮೇಲೆ ಜ್ವರ, ಆಸ್ಪತ್ರೆ... ಅಕ್ಕ ಇಲ್ಲದ ಎರಡನೆಯ ಮಳೆಗಾಲ ಇದು.

ಅಕ್ಕಿ ಬದಲಿಸುವಾಗ ಪಟ್ಟಿ ಕೈಗೆ ಸಿಕ್ಕಿತು. ಕುಳ್ಳಗಿದ್ದ ಅಕ್ಕನಿಗೆ ಅದು ತೊಡೆಗೆ ಬಡಿಯುತ್ತಿದ್ದಿರಬೇಕು. ನಡುವೆ ಗಂಟು ಹಾಕಿಕೊಂಡಿದ್ದಾಳೆ. ಹೊಲಿಗೆ ಮಾತ್ರ ಬಿಚ್ಚಿಲ್ಲ. ಗಂಟು ಬಿಚ್ಚಿ ಹೆಗಲಿಗೆ ಹಾಕಿಕೊಂಡೆ. ಕ್ಯಾಮೆರಾ ನನ್ನ ಸೊಂಟಕ್ಕೆ ಸರಿಯಾಗಿ ಬಂದು ನಿಂತಿತು.