ಮೋರಿ ಕಟ್ಟಿದ ಅಮ್ಮ

ಕಳೆದ ಭಾನುವಾರ ಕಮ್ಯುನಿಸ್ಟ್ ಗಿಡ ಕಡಿಯುತ್ತಿದ್ದೆ. ಈ ಪೊದೆಗೆ ಆ ಹೆಸರು ಯಾಕೆ ಬಂತೋ, ನಮ್ಮ ಕಡೆ ಎಲ್ಲರೂ ಹಾಗೇ ಕರೆಯುವುದು. ಕತ್ತಿ ತಾಗಿದ ಕೂಡಲೇ ಎಲೆಯಿಂದ ಒಂದು ಗಾಟು ವಾಸನೆ ಏಳುತ್ತದೆ. ಕೈಗೆ ಅಂಟಿದರೆ ಸೋಪು ಹಾಕಿ ತೊಳೆದರೂ ಬಿಡುವುದಿಲ್ಲ. ಆ ವಾಸನೆ ಮೂಗಿಗೆ ಬಡಿದದ್ದೇ ನನಗೆ ಅಮ್ಮ ನೆನಪಾದರು. ಅವರು ನನ್ನೊಡನೆ ಮೊದಲು ಮಾತಾಡಿದ್ದು ಇದೇ ಎಲೆಯನ್ನು ಅಂಗೈಯಲ್ಲಿ ಉಜ್ಜಿ, ಕತ್ತಿ ತಾಗಿದ್ದ ನನ್ನ ಬೆರಳಿನ ಮೇಲೆ ರಸ ಹಿಂಡುತ್ತಾ.

"ಉರಿತೈತಿ, ತಡಕೋ ತಂಗಿ" ಎಂದಿದ್ದರು. ಉರಿದದ್ದು ಹೌದು. ರಕ್ತ ನಿಂತದ್ದೂ ಹೌದು.

ಅವರು ನನ್ನ ಅಮ್ಮನಲ್ಲ. ಊರಿನವರು ಅವರನ್ನು 'ಬಿಜಾಪುರದ ಅಮ್ಮ' ಎನ್ನುತ್ತಿದ್ದರು. ಅವರ ಊರು ಗದಗದ ಕಡೆಯದು. ಆದರೆ ಘಟ್ಟದ ಆಚೆಯಿಂದ ಕೂಲಿಗೆ ಬಂದವರೆಲ್ಲ ನಮಗೆ ಬಿಜಾಪುರದವರೇ ಅಲ್ವಾ... ಅವರೂ ತಿದ್ದಿದವರಲ್ಲ. ಕಾಪು ಪೇಟೆಯಿಂದ ಒಳಗೆ, ರೈಲು ಹಳಿಯ ಹತ್ತಿರದ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು. ಎರಡು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದರು. ವಯಸ್ಸು ಐವತ್ತು ದಾಟಿತ್ತು.

ಆ ಕಾಲದಲ್ಲಿ ನಾನು ಮಣಿಪಾಲದ ಒಂದು ಲ್ಯಾಬಿಗೆ ದಿನಾ ಹೋಗಿ ಬರುತ್ತಿದ್ದೆ. ನಮ್ಮ ಮನೆ ತೋಡಿನ, ಅಂದರೆ ಸಣ್ಣ ಹಳ್ಳದ, ಈಚೆ, ಬಸ್‌ಸ್ಟಾಪು ಮತ್ತು ಶಾಲೆ ಆಚೆ. ನಡುವೆ ಕೇದಗೆ ಪೊದೆ ತುಂಬಿದ ದೊಡ್ಡ ಕೆಸರು. ಸುತ್ತಿ ಹೋದರೆ ಮುಕ್ಕಾಲು ಗಂಟೆ, ರೈಲು ಸೇತುವೆಯ ಮೇಲೆ ಹೋದರೆ ಹತ್ತು ನಿಮಿಷ. ಎಲ್ಲರೂ ಸೇತುವೆಯ ಮೇಲೇ ಹೋಗುತ್ತಿದ್ದರು, ಬ್ಯಾಗು ಹೊತ್ತ ಶಾಲೆಯ ಮಕ್ಕಳೂ. ಒಂದು ಬೆಳಿಗ್ಗೆ ನಾನು ಸೇತುವೆಯ ನಡುವೆ ಇದ್ದಾಗ ಹಿಂದಿನಿಂದ ಹಾರನ್ ಕೇಳಿತು. ಹೇಗೆ ಓಡಿದೆನೋ ಈಗಲೂ ಗೊತ್ತಿಲ್ಲ. ಜಲ್ಲಿಯ ಇಳಿಜಾರಿನಲ್ಲಿ ಬಿದ್ದು ಎದ್ದಾಗ ರೈಲು ಹೋಗಿ ಮುಗಿದಿತ್ತು. ನನ್ನ ಬುತ್ತಿ ನೀರಿಗೆ ಬಿದ್ದಿತ್ತು. ಆ ದಿನ ಕೆಲಸಕ್ಕೆ ಹೋಗಲಿಲ್ಲ. ಬಂದ ಭಾನುವಾರ ಒಂದು ಕತ್ತಿ ಹಿಡಿದುಕೊಂಡು ಮಾಸ್ಟ್ರ ಗುಂಪಿಗೆ ಸೇರಿದೆ.

ಮಾಸ್ಟ್ರು ಕಾರ್ಕಳದ ಶಾಲೆಯೊಂದರಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು. ರೈಲು ಹಳಿ ಹಾಕುವಾಗ ಮಣ್ಣು, ಕಲ್ಲು ಸಾಗಿಸಲು ಲಾರಿಗಳಿಗೆಂದು ಹಳಿಯ ಕೆಳಗೆ, ಬೇಲಿಯ ಹೊರಗೆ, ಒಂದು ದಾರಿ ಮಾಡಿದ್ದರಂತೆ. ರೈಲು ಓಡತೊಡಗಿದ ಮೇಲೆ ಅದು ಯಾರಿಗೂ ಬೇಡವಾಗಿ ಕಾಡಾಗಿತ್ತು. ಅದನ್ನು ಕಡಿದು, ಗುಂಡಿ ಮುಚ್ಚಿ, ನಡೆಯುವ ದಾರಿ ಮಾಡಬೇಕೆಂದು ಮಾಸ್ಟ್ರು ಪಂಚಾಯತಿನಲ್ಲಿ ಕೇಳಿ ಒಪ್ಪಿಗೆ ಪಡೆದಿದ್ದರು. ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಜನ ಸೇರುತ್ತಿದ್ದೆವು. ದಾರಿ ಚೆನ್ನಾಗಿಯೇ ಮುಂದುವರಿಯಿತು, ಕೆಸರಿನವರೆಗೆ. ಅಲ್ಲಿ ನಿಂತಿತು. ಸೇತುವೆ ಕಟ್ಟುವುದು ನಮ್ಮಿಂದಾಗುವ ಮಾತಲ್ಲ. ಸೇತುವೆ ಇಲ್ಲದಿದ್ದರೆ ಮಕ್ಕಳು ಮತ್ತೆ ಹಳಿಯ ಮೇಲೇ.

ಮೂರು ವಾರ ಯಾರಿಗೂ ಹುರುಪಿರಲಿಲ್ಲ. ಒಂದು ಭಾನುವಾರ ನಾವು ಕೆಸರಿನ ಅಂಚಿನಲ್ಲಿ ಕೂತು ಇನ್ನು ಬಿಟ್ಟುಬಿಡುವುದೇ ಒಳ್ಳೆಯದು ಎಂದು ಮಾತಾಡಿಕೊಳ್ಳುತ್ತಿದ್ದೆವು. ನಾವು ಕಡಿದ ಕಟ್ಟಿಗೆಯನ್ನು ಒಲೆಗೆ ಒಯ್ಯಲು ವಾರವಾರವೂ ಬಂದು ಹೊರೆ ಕಟ್ಟುತ್ತಿದ್ದ ಅಮ್ಮ ತಲೆ ಎತ್ತಿದರು.

"ಇಲ್ಲೊಂದು ಕಲ್ಲಿನ ಮೋರಿ ಐತ್ರೀ ಮಾಸ್ತರ. ಲಾರಿ ಅದರ ಮ್ಯಾಲೇ ದಾಟ್ತಿದ್ದವು. ಮೋರಿ ಬಾಯಿ ಕಟ್ಟೈತಿ, ಅದಕ್ಕ ನೀರು ನಿಂತು ಇಷ್ಟು ಕೆಸರಾಗೈತಿ."

"ನಿಮಗೆ ಹೇಗೆ ಗೊತ್ತುಂಟು?"

"ನಾವ ಕಟ್ಟೇವಿ."

ಅದುವರೆಗೆ ನಮಗೆ ಯಾರಿಗೂ ತಿಳಿದಿರಲಿಲ್ಲ. ಅವರು ಈ ಊರಿಗೆ ಬಂದದ್ದೇ ರೈಲಿನ ಕೆಲಸಕ್ಕೆ, ಮದುವೆಯಾದ ವರ್ಷ, ಗಂಡನ ಜೊತೆ. ತೋಡಿನ ಪಕ್ಕದಲ್ಲೇ ತಗಡಿನ ಶೆಡ್ಡು. ಗಂಡ ಕಲ್ಲು ಕೂರಿಸುವವನು, ಇವರು ಜಲ್ಲಿ ಒಡೆಯುವವರು. ಕೆಲಸ ಮುಗಿದಾಗ ಉಳಿದವರೆಲ್ಲ ಬೇರೆ ಸೈಟಿಗೆ ಹೋದರು. ಇವರ ಗಂಡನಿಗೆ ಜ್ವರ ಬಂತು. ಆತ ಇಲ್ಲೇ ತೀರಿಕೊಂಡ. ಇವರು ಇಲ್ಲೇ ಉಳಿದರು... ಇಷ್ಟನ್ನು ಅವರು ಕಟ್ಟಿಗೆಯ ಹಗ್ಗ ಬಿಗಿಯುತ್ತಲೇ ಹೇಳಿದ್ದು, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ.

ಮುಂದಿನ ಭಾನುವಾರ ಅವರೇ ಮುಂದೆ ನಡೆದರು. ಒಂದು ಕಡೆ ತೋರಿಸಿದರು, ಅಗೆದೆವು, ಬರೀ ಕೆಸರು. ಇನ್ನೊಂದು ಕಡೆ ಅಗೆದೆವು. ಅಲ್ಲೂ ಇಲ್ಲ. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಎಲ್ಲರಿಗೂ ಸಾಕಾಗಿತ್ತು.

"ಅಮ್ಮಾ, ಎಷ್ಟೋ ವರ್ಷ ಆಯ್ತಲ್ಲ. ಮರೆತುಹೋಗಿರ್ತದೆ. ಬಿಡಿ ಮಾರಾಯ್ರೆ" ಎಂದರು ಮಾಸ್ಟ್ರು, ಮೆಲ್ಲಗೆ.

ಅಮ್ಮ ಸುತ್ತ ನೋಡಿದರು. ಆಮೇಲೆ ಸೀರೆ ಮೇಲೆತ್ತಿ ಕಟ್ಟಿ ಆ ಕೆಸರಿನಲ್ಲೇ ಕೂತುಬಿಟ್ಟರು. ತಲೆಸುತ್ತು ಬಂದಿರಬೇಕೆಂದು ನಾನು ಅವರ ಬಳಿಗೆ ಓಡಿದೆ. ಅವರು ಕೈಯಿಂದ ನನ್ನನ್ನು ಪಕ್ಕಕ್ಕೆ ಸರಿಸಿದರು. ಕಣ್ಣು ರೈಲು ಸೇತುವೆಯ ಕಂಬಗಳ ಮೇಲಿತ್ತು.

"ನಿಂತ್ರ ತಿಳಿವಲ್ದು ತಂಗಿ. ನಾ ಆಗ ಎಲ್ಲಿ ನಿಂತಿದ್ದೆ? ದಿನಾ ಕುಂತು ಕಲ್ಲ ಒಡದಾಕಿ."

ಎದ್ದರು. ನಾಲ್ಕು ಹೆಜ್ಜೆ ಸರಿದು ಮತ್ತೆ ಕೂತರು. ಮತ್ತೆ ಎದ್ದರು, ಮತ್ತೆ ಕೂತರು. ಮೂವತ್ತು ವರ್ಷಗಳ ಹಿಂದೆ ಕೂತ ಜಾಗದಿಂದ ಎರಡು ಕಂಬಗಳ ನಡುವೆ ಆಚೆಯ ಗುಡ್ಡ ಎಷ್ಟು ಕಾಣುತ್ತಿತ್ತೋ ಅಷ್ಟೇ ಕಾಣುವ ಜಾಗವನ್ನು ಅವರು ಹುಡುಕುತ್ತಿದ್ದರು. ಸೇತುವೆ ಕಟ್ಟುವಾಗ ಮೊದಲು ಎದ್ದ ಕಂಬಗಳು ಅವೆರಡೇ ಅಂತೆ. ಕೇದಗೆಯ ಮುಳ್ಳು ಅವರ ತೋಳು ಗೀರುತ್ತಿತ್ತು, ಅವರಿಗೆ ಅದರ ಗೊಡವೆಯೇ ಇರಲಿಲ್ಲ. ಏಳನೆಯದೋ ಎಂಟನೆಯದೋ ಸಲ ಕೂತವರು ಏಳಲಿಲ್ಲ. ಬಲಗೈಯನ್ನು ಪಕ್ಕಕ್ಕೆ ಚಾಚಿ, "ಅವ ಅಲ್ಲಿ ನಿಂತು ಕಲ್ಲ ಇಡತಿದ್ದ. ಅಲ್ಲಿ ಅಗೀರಿ" ಎಂದರು.

ಮಾಸ್ಟ್ರೇ ಹಾರೆ ಹಾಕಿದರು. ಸೊಂಟದಷ್ಟು ಆಳದಲ್ಲಿ ಟಣ್ ಎಂದಿತು.

ನಮ್ಮ ಕಡೆ ಮನೆ ಕಟ್ಟುವ ಕೆಂಪು ಮುರಕಲ್ಲು ಅಲ್ಲ, ಕರಿಯ ಶಿಲೆಕಲ್ಲು. ಒಂದರ ಪಕ್ಕ ಒಂದು, ನಡುವೆ ಬೆರಳು ತೂರದ ಹಾಗೆ ಕೂರಿಸಿದ್ದು. ಆ ದಿನ ಮತ್ತು ಅದರ ಮುಂದಿನ ಎರಡು ಭಾನುವಾರ ನಾವು ಅಗೆದೆವು. ಸುದ್ದಿ ತಿಳಿದು ಬೆಳ್ಮಣ್ಣಿನಿಂದಲೂ ಜನ ಬುಟ್ಟಿ ಹಿಡಿದು ಬಂದರು. ಕೊನೆಗೆ ಮೋರಿಯ ಬಾಯಿಯಲ್ಲಿ ಸಿಕ್ಕಿಕೊಂಡಿದ್ದ ಒಂದು ತೆಂಗಿನ ಬುಡವನ್ನು ಹಗ್ಗ ಕಟ್ಟಿ ಎಳೆದಾಗ ಒಳಗೆ ಏನೋ ಗುಡುಗಿದ ಹಾಗಾಯಿತು. ಆಮೇಲೆ ನೀರು ಹೊರಟಿತು. ಮೊದಲು ಕಪ್ಪಗೆ, ಕೊಳೆತ ನಾತದೊಂದಿಗೆ, ನೋಡನೋಡುತ್ತ ತಿಳಿಯಾಗಿ. ನಿಂತಿದ್ದ ಕೆಸರೆಲ್ಲ ಎದ್ದು ನಡೆಯತೊಡಗಿದ ಹಾಗಿತ್ತು. ಮಾಸ್ಟ್ರು ಕೊರಳಲ್ಲಿದ್ದ ಹಳೆಯ ಡ್ರಿಲ್ ಸೀಟಿ ಊದಲು ಹೋಗಿ ಊದಲಾರದೆ ಅತ್ತರು. ಅಷ್ಟು ವರ್ಷ ನಾವು ಜೀವ ಕೈಯಲ್ಲಿ ಹಿಡಿದು ಸೇತುವೆಯ ಮೇಲೆ ಓಡುವಾಗ ಕೆಳಗೆ, ಕಣ್ಣಳತೆಯಲ್ಲೇ, ಒಂದು ಗಟ್ಟಿ ದಾರಿ ಕಾದಿತ್ತು. ಅದನ್ನು ಬಲ್ಲ ಒಬ್ಬರು ನಮ್ಮ ನಡುವೆಯೇ ಪಾತ್ರೆ ತೊಳೆದುಕೊಂಡಿದ್ದರು. ನಾವು ಕೇಳಿರಲಿಲ್ಲ.

ಅಮ್ಮ ಮಾತ್ರ ನೀರಿಗಿಳಿದು ಕಲ್ಲುಗಳನ್ನು ಒಂದೊಂದಾಗಿ ಸವರುತ್ತಿದ್ದರು. ಹತ್ತಿರ ಹೋದೆ.

"ಒಂದೂ ಅಲುಗಿಲ್ಲ ನೋಡು" ಎಂದರು. ದನಿಯಲ್ಲಿ ದುಃಖವಿರಲಿಲ್ಲ. ಗಂಡನ ಕೆಲಸವನ್ನು ಹತ್ತು ಜನರೆದುರು ಹೊಗಳುವ ಹೆಂಡತಿಯ ದನಿ ಅದು.

ಹದಿನೈದು ದಿನಗಳಲ್ಲಿ ಹಳೆಯ ದಾರಿಯ ಬೆನ್ನು ಮೇಲೆ ಕಂಡಿತು. ಮಳೆಗಾಲದ ಮೊದಲು ಜಲ್ಲಿ ಹಾಕಿದೆವು. ಜೂನಿನಲ್ಲಿ ಶಾಲೆ ತೆರೆದಾಗ ಮಕ್ಕಳು ಕೊಡೆ ಹಿಡಿದುಕೊಂಡು ಮೋರಿಯ ಮೇಲೆ ನಡೆದುಹೋದರು. ತಲೆಯ ಮೇಲಿನ ಸೇತುವೆಯಲ್ಲಿ ರೈಲು ಹೋಯಿತು. ಅವರು ಅದಕ್ಕೆ ಕೈ ಬೀಸಿದರು.

ಆಮೇಲೆ ನಾಲ್ಕು ವರ್ಷ ಅಮ್ಮ ನಮ್ಮೊಡನೆ ಇದ್ದರು. ಪ್ರತಿ ಮೇ ತಿಂಗಳಲ್ಲಿ ಮೋರಿಯ ಬಾಯಿಯ ಕಸ ಅವರೇ ನಿಂತು ತೆಗೆಸುತ್ತಿದ್ದರು. ಕಾಲು ಸೋತ ಮೇಲೆ ಗದಗದ ಕಡೆಯಿಂದ ಅಣ್ಣನ ಮಗ ಬಂದು ಕರೆದುಕೊಂಡು ಹೋದ. ಬಸ್ಸು ಹತ್ತಿಸಲು ನಾನೂ ಹೋಗಿದ್ದೆ. ಮರುವರ್ಷ ಮಾಸ್ಟ್ರಿಗೆ ಫೋನು ಬಂತು, ಅಮ್ಮ ಹೋದರೆಂದು. ಅದು ಕೆಲಸದ ದಿನ. ಮಾಸ್ಟ್ರು ಫೋನಿನಲ್ಲಿ ಹೇಳಿದಾಗ ನಾನು ಲ್ಯಾಬಿನಲ್ಲಿದ್ದೆ, ಕೈಗವಸು ಕಳಚಿ ಅವರು ರಸ ಹಿಂಡಿದ್ದ ಬೆರಳನ್ನು ನೋಡಿದೆ...

ಈಗ ದಾರಿಯನ್ನು ಹೆಜಮಾಡಿಯ ಕಡೆಗೆ ಮುಂದುವರಿಸುತ್ತಿದ್ದೇವೆ. ಕಳೆದ ಭಾನುವಾರ ಪೊದೆ ಕಡಿಯುತ್ತಾ ಹೋದವರು ಇನ್ನೊಂದು ತಗ್ಗಿನ ಎದುರು ನಿಂತೆವು. ಅಲ್ಲೂ ನೀರು ಕಟ್ಟಿ ನಿಂತಿದೆ. ಮಾಸ್ಟ್ರಿಗೂ ಈಗ ವಯಸ್ಸಾಯಿತು, ಕೋಲು ಊರಿ ಬರುತ್ತಾರೆ. "ಇದರ ಅಡಿಯಲ್ಲಿ ಎಂತ ಉಂಟೋ" ಎಂದರು. ಅಮ್ಮನೊಡನೆ ಆ ಶೆಡ್ಡಿನಲ್ಲಿ ಇನ್ನೂ ಎಷ್ಟೋ ಜನ ಇದ್ದರು, ಕಲ್ಲು ಹೊತ್ತವರು, ಸಿಮೆಂಟು ಕಲಸಿದವರು. ಅವರು ಯಾರು, ಇಲ್ಲಿಂದ ಎಲ್ಲಿಗೆ ಹೋದರು ಎಂದು ನಾಲ್ಕು ವರ್ಷಗಳಲ್ಲಿ ಒಂದು ದಿನವಾದರೂ ನಾನು ಕೇಳಬಹುದಿತ್ತು. ಮಾಸ್ಟ್ರು ನನ್ನ ಕಡೆ ನೋಡುತ್ತಿದ್ದರು. ಅಮ್ಮನ ಹಾಗೆ ನೀರಿನ ಅಂಚಿನಲ್ಲಿ ಕೂತು ನೋಡಿದೆ, ನನಗೆ ಬರೀ ಪೊದೆ ಕಂಡಿತು.